ಹೊಡೆದು ಹಾಕುವಂತಿಲ್ಲ

ಫ್ಲೀಟ್‌ವುಡ್ಡಿನಲ್ಲಿ, ಟ್ರಾಮು ಸಮುದ್ರದ ಕಡೆ ತಿರುಗುವಲ್ಲಿ,
ಮೀನಿನ ವಾಸನೆಗೂ ಸ್ಪಿರಿಟ್ಟಿನ ವಾಸನೆಗೂ ನಡುವೆ
ಒಂದು ಔಷಧದಂಗಡಿ. ಗೋಡೆಗೆ ಮೊಳೆ,
ಮೊಳೆಗೆ ತೂಗುವ ಫಲಕ:
ಈ ಹೊತ್ತು ಇಲ್ಲಿನ ಹೊಣೆ ಹೊತ್ತ ಫಾರ್ಮಸಿಸ್ಟ್.
ಕೆಳಗೆ ಹೆಸರು, ನೋಂದಣಿಯ ಅಂಕಿ.

ಸೋಮವಾರ ಎಂಟೂ ಮುಕ್ಕಾಲಿಗೆ
ಮೋರಿಸ್ ಎಂಟ್ವಿಸಲ್ ಎಂಬ ಚೀಟಿಯನ್ನು ಜಾರಿಸಿ ತೆಗೆದೆ.
ಎಷ್ಟೋ ಬೇಸಿಗೆ ಕಂಡ ಕಾಗದ, ಅಂಚೆಲ್ಲ ಹಳದಿ.
ನೀಲಗಂಗಾ ಹಾವನೂರ ಆ ಕಂಡಿಯಲ್ಲಿ ಹಿಡಿಸಲಿಲ್ಲ,
ಅಕ್ಷರ ಸಣ್ಣ ಮಾಡಿ ಮತ್ತೆ ಬರೆದೆ.

ಬಂದವರದೆಲ್ಲ ಒಂದೇ ಮಾತು: ಮೋರಿಸ್ ಎಲ್ಲಿ?
ರಜೆ ಎನ್ನಲಾರೆ. ಕಾಯಿಲೆ ಎನ್ನಲಾರೆ.
ಊರೇ ತೆರೆದು ನೋಡಬಹುದಾದ ಪಟ್ಟಿಯಲ್ಲಿ
ಅವನ ಹೆಸರಿನ ಪಕ್ಕ ಒಂದೇ ಪದ
ಕೈಕಟ್ಟಿ ನಿಂತಿದೆ: ಅಮಾನತು.

ಕಬ್ಬಿಣದ ಕಪಾಟು. ಕೀಲಿ ನನ್ನ ಕೊರಳಲ್ಲಿ.
ಒಳಗೆ ಮೆಥಡೋನಿನ ಹಸಿರು ಬಾಟಲಿ,
ಪಕ್ಕದಲ್ಲಿ ಗಟ್ಟಿ ರಟ್ಟಿನ ರಿಜಿಸ್ಟರು.
ಇದರಲ್ಲಿ ಬರೆದದ್ದನ್ನು ಹೊಡೆದು ಹಾಕುವಂತಿಲ್ಲ,
ಬಿಳಿ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ.
ತಪ್ಪಿದೆಯಾ, ಅಂಚಿನಲ್ಲಿ ಬರಿ.
ತಾರೀಖು ಹಾಕು, ಸಹಿ ಮಾಡು.
ತಪ್ಪು ತಪ್ಪಾಗಿಯೇ ಇರಲಿ, ಅದರ ಪಕ್ಕ ನೀನಿರು.

ಹನಿ ಹನಿ ಕೂಡಿದರೆ ಹಳ್ಳ ಎಂದು ಬಾಯಿಪಾಠ ಮಾಡಿದವಳು ನಾನು.
ಹನಿ ಹನಿ ಕಳೆದರೆ ಏನೆಂದು
ಗಾದೆ ಹೇಳಿರಲಿಲ್ಲ.
ಅಳತೆಗಾಜಿನ ಒಳಮೈಗೆ ಅಂಟಿದ್ದು, ಮುಚ್ಚಳಕ್ಕೆ ಮೆತ್ತಿದ್ದು,
ಮಾರ್ಚ್ ತಿಂಗಳ ಕೊನೆಗೆ ನಲವತ್ತು ಮಿಲಿ.
ಮೋರಿಸನ ಕಪ್ಪು ಇಂಕಿನಲ್ಲಿ ಲೆಕ್ಕ ಸರಿಯಾಗಿ ಕೂಡಿದೆ:
ಡ್ಯಾರೆನ್ ಕ್ಲೆಗ್‌ಗೆ ಕೊಟ್ಟದ್ದು, ನಲವತ್ತು.
ಆ ದಿನ ಕ್ಲೆಗ್ ಕಾಲು ಮುರಿದುಕೊಂಡು
ಪ್ರೆಸ್ಟನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ.

ತೀರ್ಪು ಮೂವತ್ತೊಂದು ಪುಟ. ರಾತ್ರಿ ಕೂತು ಓದಿದೆ.
ಮೂವರು ಕೇಳಿದರಂತೆ: ನಮ್ಮ ಕಸುಬಿನವಳೊಬ್ಬಳು,
ವಕೀಲರೊಬ್ಬರು, ಮತ್ತೆ ಮಾತ್ರೆ ನುಂಗುವುದಷ್ಟೇ ಗೊತ್ತಿದ್ದ
ನಿವೃತ್ತ ಅಗ್ನಿಶಾಮಕ. ನಡುವಿನ ಕುರ್ಚಿ ಅವನದೇ.
ನಲವತ್ತು ಮಿಲಿ ಹೋದದ್ದಕ್ಕಲ್ಲ, ಎಂದರಂತೆ,
ಹೋದದ್ದಕ್ಕೊಂದು ಹೆಸರು ಕಟ್ಟಿದ್ದಕ್ಕೆ.
ನಾಲ್ಕು ತಿಂಗಳು.

ಹತ್ತೊಂಬತ್ತನೆಯ ಪುಟದಲ್ಲಿ ಅಗ್ನಿಶಾಮಕ ಕೇಳುತ್ತಾನೆ: ಯಾಕೆ?
ಉತ್ತರ ಎರಡು ಸಾಲು.
ಆರೂ ಹತ್ತಾಗಿತ್ತು. ಲೆಕ್ಕ ಕೂಡಬೇಕಿತ್ತು.
ನನಗೆ ಮೆಟ್ಟಿಲು ಹತ್ತಿ ಮನೆಗೆ ಹೋಗಬೇಕಿತ್ತು.

ದೀಪ ಆರಿಸಿದರೂ ಆ ಸಾಲು ಆರಲಿಲ್ಲ.
ಪ್ರತಿ ವರ್ಷ ನಾನೂ ಪಟ್ಟಿಯಲ್ಲುಳಿಯಲು ಹಣ ಕಟ್ಟುತ್ತೇನೆ,
ಕಲಿತದ್ದೇನು, ಅದರಿಂದ ಯಾರಿಗೇನಾಯಿತು ಎಂದು ಬರೆಯುತ್ತೇನೆ,
ನಾನು ಯೋಗ್ಯಳು ಎಂಬ ಚೌಕಕ್ಕೆ ಗುರುತು ಹಾಕುತ್ತೇನೆ.
ಆರೂ ಹತ್ತರಲ್ಲೂ ಯೋಗ್ಯಳೇ ಎಂಬ ಚೌಕ ಅಲ್ಲಿಲ್ಲ.

ಗುರುವಾರ ಅವನೇ ಬಂದ. ಸಾಲಿನಲ್ಲಿ ನಿಂತ,
ಮುಂದೆ ಇಬ್ಬರು, ಒಂದು ಅಳುವ ಕೂಸು.
ರಕ್ತದೊತ್ತಡದ ಮಾತ್ರೆ. ಪೊಟ್ಟಣ ನನ್ನ ಕೈಯಲ್ಲಿ.
ಕೊಡುವ ಮುಂಚೆ ಕೇಳಲೇಬೇಕು, ಯಾರೇ ಆಗಲಿ:
ಹೆಸರು? ವಿಳಾಸ?
ಅವನು ಬಿಡಿಸಿ ಬಿಡಿಸಿ ಹೇಳಿದ, ಪೋಸ್ಟ್‌ಕೋಡ್ ಸಮೇತ,
ಪರೀಕ್ಷೆ ಕೊಡುವ ಹುಡುಗನಂತೆ.
ಈ ಅಂಗಡಿಯದೇ ವಿಳಾಸ,
ಕೊನೆಗೆ ಒಂದು ಅಕ್ಷರ ಹೆಚ್ಚು: ಮೇಲಿನ ಮನೆ.

ಹೊರಡುವಾಗ ಫಲಕ ನೋಡಿದ. ಕೈ ಎತ್ತಿ, ಇಳಿಸಿದ.
ಆ ಮೊಳೆ ಎಡಕ್ಕೆ ವಾಲುತ್ತದೆ, ಎಂದ,
ಹಿಂದೆ ಒಂದು ತುಂಡು ರಟ್ಟು ಮಡಚಿಡಿ.

ಸಂಜೆ ಬಾಗಿಲು ಹಾಕಿ ಹಸಿರು ಅಳೆದೆ.
ಇನ್ನೊಮ್ಮೆ ಅಳೆದೆ. ಆರು ಮಿಲಿ ಕಡಿಮೆ.
ಗಡಿಯಾರ ಆರೂ ಹದಿಮೂರು ತೋರಿಸುತ್ತಿತ್ತು.
ಅವನ ಕಪ್ಪಿನ ಕೆಳಗೆ, ಅಂಚಿನ ಕಿರಿದು ಜಾಗದಲ್ಲಿ,
ನೀಲಿಯಲ್ಲಿ ಬರೆಯತೊಡಗಿದೆ.
ಮೇಲೆ ಯಾರೋ ಕೆಟಲ್ ಇಟ್ಟು,
ಕಿಟಕಿಯವರೆಗೆ ನಡೆದು, ನಿಂತ ಸದ್ದು.