ಹೆಸರು ಕೂಗುವವಳು

ನೈಲ್ ನದಿ ಸಮುದ್ರ ಸೇರುವ ಮುನ್ನ ಬೆರಳು ಚಾಚುವ ಕಡೆ ನಮ್ಮೂರು.
ಹತ್ತಿ ಹೊಲ, ಎಮ್ಮೆಗೆ ಬರ್ಸೀಮ್ ಹುಲ್ಲು, ನಡುವೆ ಕಾಲುವೆ.
ಅದರಲ್ಲೇ ಪಾತ್ರೆ, ಅದರಲ್ಲೇ ಎಮ್ಮೆ, ಅದರಲ್ಲೇ ಹುಡುಗರ ಈಜು.
ಹನ್ನೆರಡು ತುಂಬುವ ಹೊತ್ತಿಗೆ ಅವರ ಉಚ್ಚೆ ಕೆಂಪಾಗುತ್ತಿತ್ತು,
ಗಂಡಾದನೆಂದು ಹಿಗ್ಗುತ್ತಿದ್ದರು ಮನೆಯವರು.
ಅದು ಬಸವನಹುಳುವಿನ ಒಳಗಿಂದ ಬಂದ ರೋಗವೆಂದು
ಪಟ್ಟಣದ ಡಾಕ್ಟರು ಹೇಳಿದಾಗ
ನಕ್ಕಿದ್ದರು ಕೂಡ.

ಸರ್ಕಾರ ಸೂಜಿ ಕಳಿಸಿತು.
ಉದ್ದೇಶ ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ರವ್ಹಿಯಾ, ಐದನೇ ತರಗತಿ, ಮಾನಿಟರ್.
ಅಕ್ಷರ ದುಂಡಗಿತ್ತು, ಹಾಗಾಗಿ ಪಟ್ಟಿ ನನ್ನ ಕೈಗೆ.
ಕಂಪೌಂಡರ್ ಮಿತ್ವಲ್ಲಿ ಸೀಮೆಎಣ್ಣೆ ಸ್ಟೌ ಹೊತ್ತಿಸಿ
ಗಾಜಿನ ಸಿರಿಂಜು ಕುದಿಸುತ್ತಿದ್ದ, ಬೆಳಿಗ್ಗೆ ಒಂದು ಸಲ.
ಆರು ಸೂಜಿ. ನೂರ ನಲವತ್ತು ತೋಳು.
ನಡುನಡುವೆ ಸ್ಪಿರಿಟ್ಟಿನಲ್ಲಿ ಒರೆಸಿ
ಕಲ್ಲಿಗೆ ಮೊನೆ ತಿಕ್ಕಿ ಚೂಪು ಮಾಡುತ್ತಿದ್ದ,
ನಮಗೆ ನೋಯಬಾರದೆಂದು.
ಪಾಪ.

ಮಾನಿಟರಿಗೆ ಮೊದಲ ಸರದಿ, ಅದೊಂದು ಮರ್ಯಾದೆ.
ಪ್ರತಿ ಶನಿವಾರ, ಹನ್ನೆರಡು ವಾರ,
ಬಿಸಿಯಾರದ ಸೂಜಿಗೆ ತೋಳು ಕೊಟ್ಟು
ಕೆಮ್ಮಿ, ವಾಂತಿ ಮಾಡಿ, ಬಾಯೊರೆಸಿಕೊಂಡು
ಹೆಸರು ಕೂಗುತ್ತಿದ್ದೆ.

ಶಹಾತಾ ಮಾತ್ರ ತಪ್ಪಿಸಿಕೊಳ್ಳುತ್ತಿದ್ದ.
ಒಮ್ಮೆ ಜೋಳದ ಹೊಲದಲ್ಲಿ, ಆಮೇಲೆ ಯಾವಾಗಲೂ
ಪಾರಿವಾಳದ ಗೋಪುರದಲ್ಲಿ; ತಲೆತುಂಬ ಗರಿ.
ಕಿವಿ ಹಿಡಿದು ಎಳೆದು ತಂದವಳು ನಾನು.
ತಡವಾಗಿ ಬಂದವನಿಗೆ ಕೊನೆಯ ಸರದಿ.
ಕೊನೆಯ ಸೂಜಿಯಲ್ಲಿ ಔಷಧದ ಜೊತೆ
ಇಡೀ ತರಗತಿ ಇತ್ತು.
ಆ ರೋಗಕ್ಕೆ ಆಗಿನ್ನೂ ಹೆಸರಿಟ್ಟಿರಲಿಲ್ಲ ಯಾರೂ,
ನನ್ನ ಪಟ್ಟಿಯಲ್ಲಿ ಬಿಟ್ಟುಹೋದದ್ದು ಅದೊಂದೇ.

ಹುಳು ಸತ್ತಿತು. ಉಚ್ಚೆ ತಿಳಿಯಾಯಿತು.
ಶಾಲೆಗೆ ಪ್ರಶಸ್ತಿಪತ್ರ ಬಂತು, ಗೋಡೆಗೆ ಮೊಳೆ ಹೊಡೆದರು.

ಆಮೇಲೆ ಇಪ್ಪತ್ತು, ಮೂವತ್ತು ವರ್ಷ ಏನೂ ಇಲ್ಲ.
ಲಿವರ್ ದೂರು ಹೇಳುವ ಅಂಗವಲ್ಲ,
ಹಿರಿಸೊಸೆಯ ಹಾಗೆ, ಕೈ ಸುಟ್ಟುಕೊಂಡೇ ಬಡಿಸುತ್ತಿರುತ್ತದೆ.
ಮೊದಲು ನಬವಿಯಾಳ ಕಣ್ಣು ಹಳದಿಯಾಯಿತು.
ಅಂಚೆಯ ಫವ್ವಾಜ್ ಸೈಕಲ್ಲಿನ ಮೇಲೇ ರಕ್ತ ಕಾರಿದ,
ಆ ದಿನದ ಕಾಗದಗಳನ್ನು ಯಾರೂ ಒಡೆಯಲಿಲ್ಲ.
ಬರಬರುತ್ತಾ ಊರ ಗಂಡಸರಿಗೆ ಬಸುರಿಯರ ಹೊಟ್ಟೆ.
ಕ್ಷೌರದ ಕತ್ತಿ, ಹಲ್ಲು ಕೀಳುವ ಇಕ್ಕಳ, ಡಯಾಲಿಸಿಸ್ ನಳಿಕೆ
ಆ ಸಾಲಿನಲ್ಲಿ ಎಂದೂ ನಿಲ್ಲದವರಿಗೂ ಹಂಚಿದವು.
ಪಟ್ಟಣದ ಆಸ್ಪತ್ರೆಯಲ್ಲಿ ಒಂದು ಹಾಸಿಗೆಗೆ ಇಬ್ಬರು,
ಇವನ ತಲೆಗೆ ಅವನ ಕಾಲು.
ಎಮ್ಮೆ ಮಾರಿ ತಂದ ದುಬಾರಿ ಇಂಜೆಕ್ಷನ್ನು
ಕೆಲವರಿಗೆ ಹತ್ತಿತು, ಎಮ್ಮೆ ಎಲ್ಲರದ್ದೂ ಹೋಯಿತು.

ಶಹಾತಾ ಹೋದದ್ದು ಮಾತ್ರೆ ಬರುವ ಒಂದು ವರ್ಷ ಮೊದಲು.
ನೋಡಲು ಹೋಗಿದ್ದೆ. ಹೊಟ್ಟೆಯ ನೀರು ಬಾಟಲಿಗೆ ಬಸಿಯುತ್ತಿತ್ತು,
ಕಾಲುವೆಯ ಬಣ್ಣದ್ದು.
"ಮಾನಿಟರಮ್ಮಾ, ಇವತ್ತೂ ಕಿವಿ ಹಿಡಿಯೋಕೆ ಬಂದ್ಯಾ?" ಅಂದ.
ನನ್ನನ್ನು ನಗಿಸಲೆಂದು.

ಈಗ ಅದೇ ಶಾಲೆಯ ಅಂಗಳದಲ್ಲಿ ಬಿಳಿ ಡೇರೆ.
ಬೆರಳ ತುದಿಯ ಒಂದು ಹನಿ ಸಾಕು.
ರೋಗವಿದ್ದರೆ ದಿನವೂ ಮಾತ್ರೆ, ಪುಕ್ಕಟೆ, ಹನ್ನೆರಡು ವಾರ;
ಮತ್ತೆ ಹನ್ನೆರಡು!
ನರ್ಸ್ ಹುಡುಗಿ ಒಬ್ಬೊಬ್ಬರಿಗೂ ಹೊಸ ಪೊಟ್ಟಣ ಹರಿಯುತ್ತಾಳೆ,
ಚುಚ್ಚಿದ್ದನ್ನು ಕೆಂಪು ಡಬ್ಬಿಗೆ ಎಸೆಯುತ್ತಾಳೆ.
ಎಷ್ಟು ಸುಲಭ, ಆ ಎಸೆಯುವ ಶಬ್ದ.
ನನ್ನ ಪಟ್ಟಿಯಲ್ಲಿ ಒಂದೇ ಗೆರೆ ಮೂಡಿತು.
"ನಿಮಗೇನೂ ಇಲ್ಲ ಅಜ್ಜಿ, ಅದೃಷ್ಟವಂತೆ."
ಅದೃಷ್ಟವಲ್ಲ ಮಗೂ,
ಸರದಿ.

ಹೆಸರು ಕೂಗಲು ನಾನೇ ನಿಂತೆ.
ದನಿ ಒಡೆದಿದೆ, ಆದರೂ ಬರುತ್ತಾರೆ,
ಚಪ್ಪಲಿ ಎಳೆಯುತ್ತಾ, ಮೊಮ್ಮಕ್ಕಳ ಭುಜ ಹಿಡಿದು.
ಬಾರದವನು ಶಹಾತಾನ ಮಗ ಬಿಶ್ರ್.
ಅಪ್ಪನನ್ನು ಕೊಂದದ್ದೂ ಇಂಥದೇ ಸಾಲು ಅನ್ನುತ್ತಾನೆ.
ಅವನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಪಾರಿವಾಳದ ಗೋಪುರದ ಕೆಳಗೆ ಕೂತಿದ್ದೇನೆ.
ಕಿವಿ ಹಿಡಿಯುವುದಿಲ್ಲ ಈ ಸಲ.
ನಾಳೆ ಮೊದಲ ಸರದಿ ನಿನಗೇ ಕಣೋ, ಎಂದು ಕೂಗಿದೆ.
ಮೇಲೆ ಏನೋ ಅಲುಗಿತು, ಒಂದು ಗರಿ
ಇಳಿದು ಬಂತು, ನಿಧಾನಕ್ಕೆ.
ಸದ್ಯಕ್ಕೆ ಅಷ್ಟೇ.