ಒಂದು ಸೂತು

ಹೈದರಾಬಾದಿನ ಹೋಟೆಲೊಂದರ ತಣ್ಣನೆ ಹಾಲಿನಲ್ಲಿ
ನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿ
ಟೈ ಕಟ್ಟಿದ ಒಬ್ಬಾತ ಕೂಗಿಸಿದ: ನಾನು ಹುಲಿ.
ಇನ್ನೂ ಜೋರಾಗಿ: ನಾನು ಹುಲಿ.
ಊಟಕ್ಕೆ ಬಿರಿಯಾನಿ. ಹುಲಿಗಳು ಪ್ಲೇಟು ಹಿಡಿದು ಕಾದವು.

ಸೋಮವಾರ ಕಪನೂರಿನ ದಾಲ್ ಮಿಲ್ಲಿನ ಗೇಟಿನಲ್ಲಿ
ಒಂದು ಕುಂಟ ನಾಯಿ ಬೊಗಳಿತು, ಅಷ್ಟಕ್ಕೇ
ಹುಲಿಯ ಕೈಯಿಂದ ಕೆಟಲಾಗು ಜಾರಿತು.
"ಅಂಜಬ್ಯಾಡೋ ತಮ್ಮಾ," ಅಂದ ಸೈಫನ್‌ಸಾಬ,
"ಅದಕೂ ಟಾರ್ಗೆಟ್ ಅದ."

ನನ್ನ ಟೀಮ್ ಲೀಡರು ಆತ. ಟೀಮು ನಾನೊಬ್ಬನೇ.
ಹಳೇ ಲೂನಾ, ಹೆಗಲ ಮೇಲೆ ಒದ್ದೆ ಟವೆಲು,
ಹನ್ನೆರಡು ವರ್ಷ ಬೆಲ್ಟು ಮಾರಿ ಮಾರಿ
ಅಂಗೈ ಗೆರೆಗಳಲ್ಲಿ ಕರಿ ರಬ್ಬರಿನ ಪುಡಿ.

ಮಾರ್ಚ್ ಇಪ್ಪತ್ತೊಂಬತ್ತು. ಬಿಸಿಲು ನಲವತ್ತೆರಡು.
ಟಾರ್ಗೆಟ್ಟಿಗೆ ಅರವತ್ತು ಬೆಲ್ಟು ಬಾಕಿ,
ಹತ್ತು ನಿಮಿಷಕ್ಕೊಮ್ಮೆ ಕಿಸೆಯಲ್ಲಿ ಹೈದರಾಬಾದು ನಡುಗುತ್ತಿತ್ತು.
ಬಸವಂತರಾಯ ಸಾವ್ಕಾರ ತಾನಾಗಿಯೇ ಅಂದ:
"ತಿಂಗಳಿಗೊಂದು ಸೆಟ್ ಹರೀಲತ್ತಾವ ನೋಡ್ರಿ,
ಒಮ್ಮೆಲೇ ಅರವತ್ತು ಹಾಕಿ ಹೋಗ್ರಿ, ರೊಕ್ಕ ಈಗೇ ಕೊಡ್ತಿನಿ."
ನಾನು ಬಿಲ್ ಬುಕ್ಕಿಗೆ ಕಾರ್ಬನ್ ಇಟ್ಟೇಬಿಟ್ಟಿದ್ದೆ.

ಸೈಫನ್‌ಸಾಬ ಪೆನ್ನು ತೆಗೆಯಲಿಲ್ಲ.
ತೊಗರಿ ಹುಡಿಯಲ್ಲಿ ಹುಬ್ಬೆಲ್ಲ ಹಳದಿಯಾಗಿದ್ದ
ಮಿಸ್ತ್ರಿ ಧೂಳಪ್ಪನನ್ನು ಕರೆದ.
ಗಬ್ಬದ ಎಮ್ಮೆಯ ಹೊಟ್ಟೆಗೆ ಕಿವಿ ಹಚ್ಚುವ ಹಾಗೆ
ಮಷೀನಿನ ಬಗಲಿಗೆ ಕಿವಿ ಹಚ್ಚಿ ನೆಲದ ಮೇಲೇ ಕುಂತ.
ಆಮೇಲೆ ಮಷೀನು ನಿಲ್ಲಿಸಿ, ಚೀಲ ಹೊಲಿಯುವ ಸುತಳಿ ಇಸಿದುಕೊಂಡು,
ಮೋಟಾರಿನ ಗಾಲಿಯಿಂದ ಮಷೀನಿನ ಗಾಲಿಗೆ ಎಳೆದು ಹಿಡಿದು
ಒಂದು ಕಣ್ಣು ಮುಚ್ಚಿದ.
ಹಮಾಲರ ಕೂಗು, ಲಾರಿ ಹಾರನ್ನು, ನನ್ನ ಕಿಸೆಯ ಹೈದರಾಬಾದು,
ಆತನಿಗೆ ಆ ಸುತಳಿಯೊಂದೇ ಇತ್ತು.

"ಗಾಲಿ ಒಂದು ಸೂತು ಸರದದ," ಅಂದ,
"ಸರಿ ಕುಂದ್ರಸ್ರಿ. ಹೊಸಾ ಬೆಲ್ಟು ಬ್ಯಾಡ. ಇದೇ ವರ್ಷಗಟ್ಲೆ ಬರ್ತದ."
ನಾಲ್ಕು ಬೋಲ್ಟು. ಅರ್ಧ ತಾಸು. ಒಂದು ಚಹಾ.
ನನ್ನ ಕಾರ್ಬನ್ ಹಾಳೆ ಹಾರಿ
ಬ್ಯಾಳಿಯ ರಾಶಿ ಮೇಲೆ ಬಿತ್ತು.

ದಾರಿಯುದ್ದ ನಾನು ಮಾತಾಡಲಿಲ್ಲ.
ಸೂಸ್ಲಾ ತಿನ್ನುತ್ತ ಆತನೇ ಅಂದ:
"ಸಿಟ್ಟು ಬಂದದೇನು? ಬರ್ಲಿ. ಮಿರ್ಚಿ ತಗೋ."

ಇದರಿಂದ ಏನು ಬಂತೆಂದು ಕೇಳಬೇಡಿ.
ಸಾವ್ಕಾರ ದೀಪಾವಳಿಗೆ ಬೇರೆ ಕಂಪನಿಯ ಬೆಲ್ಟು ಕೊಂಡ,
ತುಸು ಸಸ್ತಾ ಸಿಕ್ಕಿತೆಂದು.
ಅದಕ್ಕೂ ಮೊದಲೇ ಸೈಫನ್‌ಸಾಬನ ಇನ್ಸೆಂಟಿವ್ ಹೋಗಿತ್ತು,
ಏಪ್ರಿಲ್ ಮುಗಿಯುವುದರೊಳಗೆ ಬಳ್ಳಾರಿಗೆ ವರ್ಗವೂ ಆಗಿತ್ತು.
ಹೋಗುವಾಗ ಡೈರಿ ನನ್ನ ಕೈಗಿಟ್ಟ.
ಅದರಲ್ಲಿ ಆರ್ಡರುಗಳು ಎಲ್ಲೋ ಮೂಲೆಯಲ್ಲಿ.
ಉಳಿದದ್ದೆಲ್ಲ ಯಾವ ಮಿಲ್ಲಿನ ಯಾವ ಮಷೀನು ಹೇಗೆ ಕೂಗುತ್ತದೆ,
ಯಾರ ಚಹಾಕ್ಕೆ ಸಕ್ಕರೆ ಹಾಕಬಾರದು;
ಒಂದು ಕಡೆ, ಅಡ್ಡಗೆರೆ ಎಳೆದು:
'ಧೂಳಪ್ಪ. ಮಗಳು ಪಿಯುಸಿ. ರಿಸಲ್ಟು ಕೇಳಬೇಕು.'

ಕೇಳಿದೆ. ಧೂಳಪ್ಪ ಅರ್ಧ ತಾಸು ಮಾತಾಡಿದ,
ಬೆಲ್ಟಿನ ಸುದ್ದಿ ಬರಲೇ ಇಲ್ಲ.
ಫೋನಿಟ್ಟ ಮೇಲೆ ಹೊಳೆಯಿತು,
ನನಗೂ ಅದರ ನೆನಪಾಗಿರಲಿಲ್ಲ.
ಮುಂದೆ ಒಂದೊಂದೇ ಬಂದವು, ಶಹಾಬಾದಿನಿಂದ, ಸೇಡಮಿನಿಂದ,
ಧೂಳಪ್ಪನ ಸೋದರಳಿಯ, ಆ ಅಳಿಯನ ಗೆಳೆಯ:
"ನೀವು ಸೈಫನ್‌ಸಾಬರ ಕಡ್ಯಾವ್ರೇನ್ರಿ?
ಒಂದು ಸಪ್ಪಳ ಅದ, ಕೇಳಿ ಹೋಗ್ರಿ."

ಈಗ ನನ್ನ ಕೈಕೆಳಗೆ ಆರು ಜನ.
ಅಫಜಲಪುರದ ಜಗದೇವಿ ಹೊಸಬಳು,
ಅದೇ ಗೇಟಿನಾಚೆ ನಿಂತು ಪಾಠ ಒಪ್ಪಿಸುತ್ತಿದ್ದಾಳೆ:
ನಮಸ್ಕಾರ ಸರ್, ನಮ್ಮ ಕಂಪನಿಯ ವಿಶೇಷ ಏನಂದರೆ...
ತುಟಿ ಒಣಗಿದೆ. ನೀರಿನ ಬಾಟಲಿ ಕೊಟ್ಟೆ.
ಕಿಸೆಯಲ್ಲಿ ಹೈದರಾಬಾದು ನಡುಗುತ್ತಿದೆ, ನಡುಗಲಿ.
"ಒಳಗ ಹೋಗಿ ಏನೂ ಅನ್ನಬ್ಯಾಡವ್ವಾ," ಅಂದೆ,
"ಮಷೀನು ಏನೋ ಹೇಳ್ಲತ್ತದ."

ಅವಳು ತನ್ನ ಹೊಸ ಚೂಡಿದಾರ ನೋಡಿಕೊಂಡಳು,
ನೆಲದ ಹುಡಿ ನೋಡಿದಳು,
ಕುಂತಳು.