ಕಾಯುವ ಕೆಲಸ

ವೇಮಗಲ್ಲಿನ ಹೊರಗೆ, ಶೆಡ್ಡಿನ ಹಿಂದಿನ ಕೋಣೆ.
ಒಳಗೆ ಬರಲು ಎಲ್ಲರೂ ಚಪ್ಪಲಿ ಬಿಡಬೇಕು,
ಮ್ಯಾನೇಜರೂ.

ಕೂದಲಿಗಿಂತ ಸಣ್ಣ ಸಿಲಿಕಾನ್ ತೊಲೆ,
ಸೆಕೆಂಡಿಗೆ ಹತ್ತು ಲಕ್ಷ ಸಲ ನಡುಗುತ್ತದೆ.
ನನಗೆ ಕಾಣದು, ಕೇಳದು;
ಪರದೆಯ ಮೇಲೆ ಬರೀ ಒಂದು ಅಂಕಿ.
ಓವನ್ನಿನ ಗುಂಡಿ ತಿರುಗಿಸಿ ಕೂರುತ್ತೇನೆ.
ಕಾಯಿಸುವುದು, ಕಾಯುವುದು:
ಎರಡಕ್ಕೂ ಸೇರಿ ಒಂದೇ ಸಂಬಳ.

ಒಂದೊಂದು ಡಿಗ್ರಿಗೆ ಮೂವತ್ತು ಕಂಪನ ಕಡಿಮೆ.
ಎಂಬತ್ತೈದಕ್ಕೆ ಮುಟ್ಟುವಷ್ಟರಲ್ಲಿ
ಮೆತ್ತಗಾಗಿ, ಸ್ವರ ಇಳಿದಿರುತ್ತದೆ.
'ಸುಸ್ತಾಯ್ತು ನೋಡು ಪಾಪ' ಅನ್ನುತ್ತಾಳೆ ನಸ್ರೀನ್,
ಬರೆದುಕೊಳ್ಳುತ್ತಾ.

ಮೊದಲ ದಿನ ನಾನು ನಂಬಿರಲಿಲ್ಲ.
ನಮ್ಮ ಗಂಗುಲಪ್ಪ ಚಿಕ್ಕಪ್ಪ
ಮುರಿದ ಟೊಮೆಟೊ ಬಾಕ್ಸಿನ ಪಟ್ಟಿ ಉರಿಸಿ
ತಮಟೆಯನ್ನು ಬೆಂಕಿಗೆ ಹಿಡಿಯುತ್ತಿದ್ದ,
ರೊಟ್ಟಿ ತಿರುವಿದ ಹಾಗೆ ತಿರುವಿ,
ಬೆರಳಲ್ಲಿ ತಟ್ಟಿ, ಕಿವಿ ಕೊಟ್ಟು,
'ಇನ್ನೂ ಬಂದಿಲ್ಲ.'
ಕಾದಷ್ಟೂ ಏರಬೇಕು ಅದು,
ಕೆರೆಯ ಆಚೆ ದಡ ತಿರುಗಿ ನೋಡುವಷ್ಟು.

ಇದು ಕಾದರೆ ಇಳಿಯುತ್ತೆ ಚಿಕ್ಕಪ್ಪಾ, ಅಂದೆ.
ಬೀಡಿ ಆರುವವರೆಗೂ ಯೋಚಿಸಿದ.
'ಬಿಗಿಯಾಕೆ ಅದಕ್ಕೆ ಚರ್ಮ ಎಲ್ಲೈತೆ? ಮರಳಲ್ವಾ.
ತಣ್ಣಗಾದ್ರೆ?'
ಮೊದಲಿನ ಅಂಕಿಗೇ ಬರುತ್ತೆ.
'ಹಂಗಾದ್ರೆ ನಿಯತ್ತಿಂದು' ಅಂದ.
ಮೊಳೆಯಲ್ಲಿ ಅವನ ತಮಟೆ
ಸಡಿಲವಾಗಿ, ಬೂದಿಯ ವಾಸನೆಯಲ್ಲಿ.

ಈಗ ರಾತ್ರಿ ಎರಡೂವರೆ. ಓವನ್ ಆರುತ್ತಿದೆ.
ಅಂಕಿ ಹತ್ತುತ್ತಿದೆ, ಮೂವತ್ತು, ಮತ್ತೆ ಮೂವತ್ತು.
ನಸ್ರೀನ್ ಪೆನ್ನಿನ ಮುಚ್ಚಳ ಕಚ್ಚಿ ಕೇಳುತ್ತಾಳೆ, ಬರೆಯಲಾ?
ನನ್ನ ಬೆರಳು ತಾನಾಗಿಯೇ
ಮೇಜಿನ ಅಂಚನ್ನು ತಟ್ಟುತ್ತದೆ.
ತಾಳು. ಇನ್ನೂ ಬಂದಿಲ್ಲ.